ಉಡಿಯಲ್ಲಿ ಮೆಂತ್ಯದ ಕಟ್ಟು

ಏಳನೇ ತಿಂಗಳ ಸೀಮಂತದ ಕುಬಸದಲ್ಲಿ ಇಳಕಲ್ ಸೀರೆಯ ಸೆರಗೊಡ್ಡಿ ಕುಳಿತಿದ್ದೆ. ವಾಡಿಕೆಯಂತೆ ಅಕ್ಕಿ, ಕೊಬ್ಬರಿ ಉಡಿಗೆ ಹಾಕಿದ ಅತ್ತೆ, ಅವುಗಳ ಮೇಲೆ ಮೆಂತ್ಯದ ಕಟ್ಟು, ಹಕ್ಕರಕಿ ಸೊಪ್ಪು, ಗಜ್ಜರಿ, ಪೇರಲಹಣ್ಣು ಹಾಕತೊಡಗಿದರು.

“ಉಡಿ ತುಂಬಾಕತ್ತೀಯೋ, ಸಂತಿ ಮಾಡಾಕತ್ತೀಯೋ?” ಎಂದು ನೆರೆಮನೆಯ ಗಂಗವ್ವ ನಕ್ಕಳು.

ಮಗ್ಗದ ಮುಂದೆ ದಿನವಿಡೀ ಮಾತಿಲ್ಲದೆ ಕೂರುವ ಅತ್ತೆ ಅಂದು ಮಾತಾಡಿದರು. “ನಾ ಬಸರಿದ್ದಾಗ ಇದು ನಂಜು, ಅದು ಉಷ್ಣ ಅಂತ ಬರೇ ರೊಟ್ಟಿ ಖಾರ ಕೊಟ್ರು. ಚೊಚ್ಚಲ ಕೂಸು ಉಳೀಲಿಲ್ಲ. ನನ್ನ ಸೊಸಿ ಎಲ್ಲಾ ತಿನ್ನಲಿ.”

ಗಂಗವ್ವ ಎದ್ದು ಹೋಗಿ, ತನ್ನ ಮನೆಯಿಂದ ಬೊಗಸೆ ಹೆಸರುಕಾಳು ತಂದು ನನ್ನ ಉಡಿಗೆ ಸುರಿದಳು.

ಮಗಳೀಗ ಶಾಲೆಗೆ ಹೋಗುತ್ತಾಳೆ. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಕೈಯಲ್ಲಿ ಚೀಲವಿದ್ದರೂ ನಾನು ಸೆರಗೊಡ್ಡುತ್ತೇನೆ.