ನಿನ್ನೆಯ ನೀರಿನ ಅಂಚು

ಅವ್ವನ ಕೊರಳಲ್ಲಿ ಶಿವದಾರವಷ್ಟೇ ಉಳಿದಿತ್ತು. ದಾರದ ತುದಿಯಲ್ಲಿರಬೇಕಾದ ಬೆಳ್ಳಿಯ ಕರಡಿಗೆ ಇರಲಿಲ್ಲ, ಕರಡಿಗೆಯೊಳಗಿನ ಇಷ್ಟಲಿಂಗವೂ ಇರಲಿಲ್ಲ. ಸಂಜೆ ಪೂಜೆಗೆಂದು ಎದೆಯ ಮೇಲೆ ಕೈಯಿಟ್ಟಾಗಲೇ ಅವಳಿಗೆ ಅದು ಗೊತ್ತಾಗಿದ್ದು. ಆಗ ಹೊರಗೆ ನಾಗಸಂದ್ರದ ಮೇಲೆ ಮಳೆ ಸುರಿಯುತ್ತಿತ್ತು.

ಅವ್ವ ಅಳಲಿಲ್ಲ. ಗೋಡೆಗೆ ಒರಗಿ ಕೂತಳು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ನನ್ನ ಹೆಂಡತಿಯ ಕಡೆ ಸರಿಸಿ, "ತೆಗಿ ಇದನ್ನ" ಎಂದಳು. ಅಷ್ಟೇ. ಲಿಂಗ ಅಂಗೈ ಮೇಲೆ ಬಂದು ಕೂರದೆ ಅವಳು ಅನ್ನ ಮುಟ್ಟುವವಳಲ್ಲ, ನೀರೂ ಮುಟ್ಟುವವಳಲ್ಲ. ನನಗೆ ಬುದ್ಧಿ ಬಂದಾಗಿನಿಂದ ಜ್ವರವಿರಲಿ, ಬಸ್ಸಿನ ಪ್ರಯಾಣವಿರಲಿ, ಅವಳು ಅದನ್ನು ಮುರಿದದ್ದು ನಾನು ಕಂಡಿಲ್ಲ. ಮೇಲಾಗಿ ಸಕ್ಕರೆ ಕಾಯಿಲೆ. ಗುಳಿಗೆ ನುಂಗಬೇಕೆಂದರೆ ಹೊಟ್ಟೆಗೆ ಏನಾದರೂ ಬಿದ್ದಿರಬೇಕು.

ಊರ ಮಠದ ಸ್ವಾಮಿಗಳಿಗೆ ಫೋನ್ ಹಚ್ಚಿದೆ. "ತಪ್ಪೇನಿಲ್ಲಪ್ಪಾ, ಹೊಸದು ಕಟ್ಟೋಣು, ಕರಕೊಂಡು ಬಾ" ಎಂದರು. ಸ್ಪೀಕರಿನಲ್ಲಿ ಅವ್ವನಿಗೂ ಕೇಳಿಸಿತು.

"ಒಂದನ್ನ ಕಳಕೊಂಡಾಕಿ ಇನ್ನೊಂದಕ್ಕ ಯಾವ ಮಾರಿ ಹೊತ್ತು ಕೈ ಚಾಚಲಿ? ನಂದು ನನಗ ಬೇಕು."

ಕಳೆದದ್ದು ಎಲ್ಲಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಅಂದು ಮಧ್ಯಾಹ್ನ ಅವ್ವ, ಮಗು ಹೆತ್ತ ನನ್ನ ಹೆಂಡತಿ ಮತ್ತು ವಠಾರದ ನಮ್ಮ ಕಡೆಯ ಹೆಂಗಸರು ಕೆರೆಗೆ ಹೋಗಿ ಗಂಗವ್ವನ ಪೂಜೆ ಮಾಡಿ ಬಂದಿದ್ದರು. ಬಾಣಂತಿ ಮೊದಲ ಸಲ ನೀರಿಗೆ ಹೋದಾಗ ಅಂಚಿನಲ್ಲಿ ಐದು ಕಲ್ಲಿಟ್ಟು, ಅರಿಶಿನ ಹಚ್ಚಿ, ಗುಗ್ಗರಿ ಇಟ್ಟು ಕೈ ಮುಗಿಯಬೇಕು. ಊರಿನಲ್ಲಾದರೆ ಹಳ್ಳ ಇದೆ, ಬಾವಿ ಇದೆ. ಇಲ್ಲಿ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಈ ಕೆರೆಯೊಂದೇ. ಅದರ ಒಂದು ಮೂಲೆಯಲ್ಲಿ, ರಾಜಕಾಲುವೆ ಬಂದು ಸೇರುವ ಕಡೆ, ಕಟ್ಟಡದ ಕೆಲಸದ ಜಾಗಗಳಿಂದ ಕೊಚ್ಚಿ ಬಂದ ಮರಳು ಸಮುದ್ರದ ದಂಡೆಯ ಹಾಗೆ ಹರಡಿಕೊಂಡಿದೆ. ಬಗ್ಗಿ ನೀರು ತುಂಬಿದವಳು ಅವ್ವ. ದಾರದ ಸವೆದ ತುದಿ ಅಲ್ಲಿಯೇ ಹರಿದಿರಬೇಕು.

ಮರುದಿನ ಭಾನುವಾರ. ಬೆಳಕು ಹರಿಯುತ್ತಲೇ ನಾನು ಹೋದದ್ದು ಕೆರೆಗಲ್ಲ, ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿಗೆ. ಅಲ್ಲಿ ಸೆಕ್ಯೂರಿಟಿಯವನ ಕೈಯಲ್ಲಿ ಲೋಹ ಕಂಡರೆ ಕೂಗುವ ಒಂದು ಕೋಲು ಇರುತ್ತದೆ. ದಿನವೂ ಪಾಳಿ ಮುಗಿಸಿ ಹೊರಡುವಾಗ ಹಿತ್ತಾಳೆ ಚೂರು ಕದ್ದಿದ್ದೇವೇನೋ ಎಂದು ಅದನ್ನು ನಮ್ಮ ಮೈಮೇಲೆಲ್ಲ ಆಡಿಸುತ್ತಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಲೇತ್ ಮುಂದೆ ನಿಂತವನು ನಾನು. ಒಂದು ವಾಷರನ್ನೂ ಮನೆಗೆ ಒಯ್ದವನಲ್ಲ. ಆ ಕೋಲಿನ ಮುಂದೆ ಕೈ ಎತ್ತಿ ನಿಲ್ಲುವುದು ನನಗೆ ಇವತ್ತಿಗೂ ಮೈ ಉರಿಯುವ ಮಾತು.

"ಏನ್ ಗುರು, ದಿನಾ ಇದನ್ನ ಕಂಡ್ರೆ ಮುಖ ಸಿಂಡರಿಸ್ಕೊಂಡ್ ಹೋಗ್ತಿದ್ದೆ. ಇವತ್ತು ರಜೆ ದಿನ ಹುಡುಕ್ಕೊಂಡ್ ಬಂದ್ಬಿಟ್ಯಲ್ಲ?" ಎಂದ ಸೆಕ್ಯೂರಿಟಿ.

ವಿಷಯ ಹೇಳಿದೆ. "ಅವ್ವ ನೀರೂ ಕುಡಿದಿಲ್ಲ" ಎಂದೆ. ಅವನ ನಗು ನಿಂತಿತು. ಕೋಲನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

"ನಾಳೆ ಶಿಫ್ಟ್‌ಗೆ ಮುಂಚೆ ವಾಪಸ್ ಬರ್ಬೇಕು ಮಗಾ. ಇಲ್ಲಾಂದ್ರೆ ನನ್ ಕೆಲ್ಸ ಹೋಗುತ್ತೆ. ಇನ್ನೊಂದು, ಇದು ಆಳಕ್ಕೆಲ್ಲ ಹೊಡಿಯಲ್ಲ. ಒಂದು ಗೇಣು ಸಿಕ್ರೆ ನಿನ್ ಪುಣ್ಯ."

ದಡದ ಮೇಲೆ ನಿಂತಾಗ ಆ ಮಾತಿನ ಅರ್ಥ ತಿಳಿಯಿತು. ಮರಳು ಅಷ್ಟುದ್ದಕ್ಕೂ ಬಿದ್ದಿದೆ. ನನ್ನ ಕೈಯಲ್ಲಿರುವುದು ಒಂದು ಗೇಣಿನ ಕಣ್ಣು. ಎಲ್ಲಿಂದ ಶುರು ಮಾಡಲಿ? ಅವ್ವ ಹೇಳಿದ್ದು ಒಂದೇ ಮಾತು: "ನೀರಿನ ಅಂಚಿನ್ಯಾಗ ಕುಂತಿದ್ನಿ." ಹಾಗಾಗಿ ನೀರಿನ ಅಂಚು ಹಿಡಿದೆ. ನಮ್ಮ ಲೇತಿನ ಅಡಿಯ ಟ್ರೇನಲ್ಲಿ ಭಾರದ ಚೂರು ನೀರು ಬೀಳುವ ಕಡೆಯೇ ಕೂರುತ್ತದೆ, ಹಗುರದ್ದು ಆಚೆಗೆ ಹೋಗುತ್ತದೆ. ಬೆಳ್ಳಿ ಭಾರ. ಕಾಲುವೆ ಬಂದು ಬೀಳುವ ಕಡೆಯೇ ಇರಬೇಕೆಂದು ಲೆಕ್ಕ ಹಾಕಿದೆ.

ಕೋಲು ಕೂಗಿದಲ್ಲೆಲ್ಲ ಮಂಡಿಯೂರಿ ಬಗೆದೆ. ಬಿಯರ್ ಬಾಟಲಿಯ ಮುಚ್ಚಳ. ಗುಟ್ಕಾ ಚೀಟಿಯ ಹೊಳಪು. ಸೆಂಟ್ರಿಂಗ್ ಮೊಳೆ. ಕರಗಿದ ಗಣಪತಿಯ ಹೊಟ್ಟೆಯೊಳಗಿನ ತಂತಿ. ಕೂಗಿದಾಗಲೆಲ್ಲ ಇದೇ ಅಂದುಕೊಂಡೆ, ಬಗೆದಾಗಲೆಲ್ಲ ಕಸ. ಬಿಸಿಲೇರಿತು. ವಾಕಿಂಗ್ ಮುಗಿಸಿದವರು ಬೇಲಿಯಾಚೆ ನಿಂತು ನೋಡಿ ಹೋದರು. ಮನೆಯಲ್ಲಿ ಗೋಡೆಗೊರಗಿ ಕೂತವಳ ಒಣಗಿದ ತುಟಿ ಕಣ್ಣಿಗೆ ಕಟ್ಟುತ್ತಿತ್ತು.

ಕೆರೆ ಕಾಯುವವನು ಬೀಡಿ ಹಚ್ಚಿಕೊಂಡು ಬಂದ. ತುಮಕೂರು ಕಡೆಯ ಮುದುಕ.

"ಏನಣ್ಣೋ, ನಿಧಿ ಗಿಧಿ ಐತಾ? ಸಿಕ್ರೆ ಅರ್ಧ ನಂಗೆ."

"ನಿಧಿನೇ ಕಣಜ್ಜ. ನಮ್ಮವ್ವನ ಲಿಂಗ. ನಿನ್ನೆ ಮಧ್ಯಾಹ್ನ ಇಲ್ಲಿ ಬಿದ್ದೈತಿ."

"ನಿನ್ನೆ ಮದ್ಯಾನವಾ?" ಬೀಡಿಯನ್ನು ಬಾಯಿಂದ ತೆಗೆದ. "ನಿನ್ನೆ ಮದ್ಯಾನ ನೀನು ನಿಂತಿರೋ ಜಾಗ್ದಾಗೆ ಸೊಂಟದುದ್ದ ನೀರಿತ್ತಲ್ಲೋ! ರಾತ್ರಿ ಮಳೆ ಉಯ್ದು ಲೇಔಟ್‌ಗೆ ನುಗ್ತದೆ ಅಂತ ತೂಬು ಎತ್ತಿ ನೀರು ಇಳಿಸಿದ್ವಿ. ಇನ್ನೂ ಅಂಗೇ ಬಿಟ್ಟೀವಿ. ನಿಮ್ಮವ್ವ ಕುಂತಿದ್ದು ಅಲ್ಲಿ, ಮೇಲ್ಗಡೆ."

ಬೆಳಗ್ಗೆಯಿಂದ ನಾನು ಇವತ್ತಿನ ಅಂಚನ್ನು ಹುಡುಕಿದ್ದೆ. ಕೋಲನ್ನು ಎಸೆದುಬಿಡುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಮೇಲಕ್ಕೆ ಓಡಿದೆ.

ಮೇಲೆ ಇನ್ನೊಂದು ಕಷ್ಟ ಕಾದಿತ್ತು. ಒದ್ದೆ ಮರಳಿನಲ್ಲಿ ಅರ್ಧ ಹೂತ ಐದು ಕಲ್ಲಿನ ಸಾಲು ಕಾಣಿಸಿತು. ಅದರಾಚೆ ಇನ್ನೊಂದು ಸಾಲು. ಹೊಂಗೆ ಮರದ ಕೆಳಗೆ ಮತ್ತೊಂದು. ಬಾಗಲಕೋಟೆಯವರು, ರಾಯಚೂರಿನವರು, ಕಲಬುರಗಿಯವರು, ಈ ಸುತ್ತಿನ ರೂಮುಗಳಲ್ಲಿ ಕೂಸು ಹುಟ್ಟಿದವರೆಲ್ಲ ಇಲ್ಲಿಗೇ ಬರುತ್ತಾರೆ. ಅರಿಶಿನ ಮಳೆಗೆ ತೊಳೆದುಹೋಗಿ, ಕೆಸರು ಮೆತ್ತಿಕೊಂಡು ಎಲ್ಲ ಕಲ್ಲೂ ಒಂದೇ ಬಣ್ಣ. ಕೋಲಿನ ಬ್ಯಾಟರಿಯ ಕೆಂಪು ದೀಪ ಬೇರೆ ಮಿಣುಕತೊಡಗಿತ್ತು. ಎಲ್ಲ ಸಾಲಿನ ಸುತ್ತಲೂ ಆಡಿಸುವಷ್ಟು ಜೀವ ಅದರಲ್ಲಿ ಇರಲಿಲ್ಲ. ಒಂದನ್ನು ಆರಿಸಬೇಕಿತ್ತು.

ಮನೆಗೆ ಹೋದೆ. ಅವ್ವ ಮಲಗಿದ್ದಳು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಒಲೆ ಹೊತ್ತಿಸಿರಲಿಲ್ಲ. ಮಗು ಮೊಲೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಚೀರುತ್ತಿತ್ತು.

"ನೀ ಉಂಡಿಯೇನು?" ಎಂದು ಹೆಂಡತಿಯನ್ನು ಕೇಳಿದೆ.

"ಅತ್ತಿ ಉಪಾಸ ಇದ್ದಾಗ ನಾ ಹ್ಯಾಂಗ ಉಣ್ಣಲಿ?"

"ಹುಚ್ಚಿ ಅದೀ ಏನು? ಎದ್ಯಾಗ ಹಾಲ ಎಲ್ಲಿಂದ ಬರಬೇಕು?"

ಕಲ್ಲಿನ ವಿಷಯ ಕೇಳಿದೆ, ನಿಮ್ಮವು ಯಾವುವು ಎಂದು. ಅವಳು ನನ್ನನ್ನು ಬಾಗಿಲ ಹೊರಗೆ ಕರೆದಳು. ದನಿ ತಗ್ಗಿಸಿದಳು.

"ಕಲ್ಲು ಇಟ್ಟಾಕಿ ನಾನ. ನಾಕ ಸಿಕ್ಕುವು, ಐದನೇದು ಸಿಗಲಿಲ್ಲ. ಎಲ್ಲಾರೂ ಗದ್ದಲ ಮಾಡಾಕತ್ತಿದ್ರು. ಅಲ್ಲೇ ಒಂದು ಟೈಲ್ಸಿನ ಚೂರು ಬಿದ್ದಿತ್ತು, ಬಿಳೇದು. ಅದನ್ನ ಇಟ್ಟು ಅರಿಶಿಣ ಬಳದ್ನಿ. ಯಾರಿಗೂ ಹೇಳಿಲ್ಲ. ಅದಕ್ಕ ಗಂಗವ್ವ ಮುನಿಸಕೊಂಡಾಳ, ಅತ್ತೀದು ಕಸಗೊಂಡಾಳ." ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸಮಾಧಾನ ಹೇಳುವ ವ್ಯವಧಾನ ನನಗಿರಲಿಲ್ಲ. "ಛಲೋ ಆತು ಇಟ್ಟಿದ್ದು" ಎಂದು ಒಂದೇ ಮಾತು ಹೇಳಿ ಕೆರೆಯ ಕಡೆ ಓಡಿದೆ.

ಹೊಂಗೆಯಿಂದ ತುಸು ಈಚೆ ಅದು ಇತ್ತು. ಕೆಸರು ಒರೆಸಿದರೆ ನಾಲ್ಕು ಕಲ್ಲು, ಒಂದು ಬಿಳಿ ಟೈಲ್ಸ್. ಅದರ ಮುಂದೆ ಇಳಿಜಾರಿನಲ್ಲಿ, ಬಗ್ಗಿದವಳ ಕೊರಳು ಬರುವ ಅಂದಾಜಿಗೆ ಕೋಲು ಹಿಡಿದೆ. ಕೂಗಿತು. ಬಗೆದೆ. ಬೆರಳಿಗೆ ದುಂಡನೆಯ ತಣ್ಣನೆಯದು ತಗುಲಿತು. ಕರಡಿಗೆ!

ಮುಚ್ಚಳ ತೆರೆದಿತ್ತು. ಒಳಗೆ ಬರೀ ಮರಳು.

ಮರಳು ಸುರುವಿ ನೋಡಿದೆ. ಇರಲಿಲ್ಲ. ಬೆಳ್ಳಿಗೆ ಕೂಗುವ ಕೋಲು ಕಲ್ಲಿಗೆ ಕೂಗುವುದಿಲ್ಲ. ಲಿಂಗವೆಂದರೆ ಕಂತಿ ಎಂಬ ಕಪ್ಪು ಲೇಪ ಬಳಿದ ಒಂದು ಕಲ್ಲು. ಸುತ್ತ ಎಲ್ಲಿ ನೋಡಿದರೂ ಜಲ್ಲಿಯ ಕಪ್ಪು ಹರಳುಗಳು. ಎರಡೂ ಕೈಯಿಂದ ಬಾಚಿದೆ, ಉಗುರು ಕಿತ್ತು ರಕ್ತ ಬರುವ ತನಕ. ಕೆರೆ ಕಾಯುವವನು ಎಲ್ಲಿಂದಲೋ ಮರಳು ಸಾಣಿಸುವ ಜರಡಿ ತಂದ, ತಾನೂ ಕೂತ. ಅವನ ಕೈಗೆ ಬಂದ ಕಪ್ಪು ಹರಳನ್ನೆಲ್ಲ ನನ್ನ ಮುಂದೆ ಹಿಡಿಯುತ್ತಿದ್ದ.

"ಇದಾ?"

"ಅಲ್ಲ."

"ಇದಾ?"

"ಅಲ್ಲಜ್ಜ."

ಒಂದು ಹರಳು ದುಂಡಗೆ, ನುಣ್ಣಗೆ ಇತ್ತು. ಅಂಗೈಯಲ್ಲಿಟ್ಟು ನೋಡಿದೆ. ಮುದುಕ ನನ್ನನ್ನೇ ನೋಡುತ್ತಿದ್ದ. "ಒಳಗಿಟ್ಟು ಮುಚ್ಬಿಡಣ್ಣ. ತಾಯಿ ಜೀವ ದೊಡ್ದು" ಎಂದ ಮೆಲ್ಲಗೆ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ದಿನಕ್ಕೆರಡು ಸಲ ಅಂಗೈಯಲ್ಲಿಟ್ಟು ನೋಡಿದವಳಿಗೆ ಅದರ ತೂಕ ತಿಳಿಯದೇ? ಹರಳನ್ನು ನೀರಿಗೆಸೆದು ಎದ್ದೆ. ಅವ್ವ ಮಲಗಿದ್ದ ರೀತಿ ನೆನಪಾಗಿ ಅಲ್ಲಿ ಇನ್ನು ಕೂರಲಾಗಲಿಲ್ಲ.

ಖಾಲಿ ಕರಡಿಗೆಯನ್ನು ಅವ್ವನ ಕೈಯಲ್ಲಿಟ್ಟೆ. ತೆರೆದು ನೋಡಿದಳು. ಬೆರಳಿನಿಂದ ಒಳಗಿನ ಮರಳು ಒರೆಸಿದಳು. ಮೂಲೆಯಲ್ಲಿ ಮಗು ಅಳುವ ಶಕ್ತಿಯೂ ಇಲ್ಲದೆ ಕುಂಯ್‌ಗುಡುತ್ತಿತ್ತು. ಅವ್ವ ಮಗುವನ್ನು ನೋಡಿ, ಸೊಸೆಯ ಕಡೆ ತಿರುಗಿದಳು.

"ಇಕಿ ಉಂಡಾಳೇನು?"

"ಇಲ್ಲ. ನೀ ಉಣ್ಣದ ಉಣ್ಣಂಗಿಲ್ಲಂತ."

"ಹಠಮಾರಿ" ಎಂದು ಬೈದಳು. "ನೀರು ತಾ."

ತಂಬಿಗೆ ತಂದೆ. ಅವ್ವ ಎದ್ದು ಕೂತು ಹಣೆಗೆ ವಿಭೂತಿ ಹಚ್ಚಿಕೊಂಡಳು. ಎಡ ಅಂಗೈ ಮೇಲೆ ಖಾಲಿ ಕರಡಿಗೆ ಇಟ್ಟು, ಲಿಂಗಕ್ಕೆ ಎರೆಯುವ ಹಾಗೆಯೇ ನೀರೆರೆದಳು. ಕಣ್ಣು ಮುಚ್ಚಿದಳು. ಅರ್ಧ ನೀರು ಸೀರೆಗೆ ಚೆಲ್ಲಿತು. ಉಳಿದದ್ದನ್ನು ಕುಡಿದಳು.

"ನೀರಷ್ಟ. ಅದು ಸಿಗೂತನ ಅನ್ನದ ಮಾತು ತಗೀಬ್ಯಾಡ. ಇಕಿಗಿ ಬಡಸು."

ಹೆಂಡತಿ ಗಂಜಿಗಿಟ್ಟಳು. ನೀರಿನ ಮೇಲೆ ಅವ್ವ ಎಷ್ಟು ಹೊತ್ತು ನಿಲ್ಲಬಲ್ಲಳು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು. ಮುದುಕನ ಜರಡಿ ಇನ್ನೂ ದಡದಲ್ಲೇ ಇರಬೇಕು. ಸುದ್ದಿ ಕೇಳಿದ ವಠಾರದ ಹೆಂಗಸರು ಮರಳು ಸಾಣಿಸಲು ಬುಟ್ಟಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಅವರಿಗಿಂತ ಮುಂದೆ ಕೆರೆಯ ಕಡೆ ನಡೆದೆ.