ನೆಗೆಣ್ಣಿಯ ಹಿತ್ತಲಿನ ಚೆರ್ರಿ ಹೂ

...ಅಥವಾ ಹೂ ಬಿಳಿಯೇ ಇದ್ದವೋ ಏನೋ. ಗುಲಾಬಿ ಬಣ್ಣ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅವು ನನ್ನೊಳಗೆ ಗುಲಾಬಿಯೇ ಆಗಿಬಿಟ್ಟಿವೆ. ಆದರೆ ಕಿತ್ತೂರಿನಲ್ಲಿ ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಹಿತ್ತಲಿಗೆ ಕಾಲಿಟ್ಟಾಗ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬಣ್ಣ ಸರಿಯಾಗಿ ಕಂಡಿರಲಿಕ್ಕಿಲ್ಲ. ನಾಲ್ಕು ದಿನ ಮೊದಲು ಅವಳು ಮೊಬೈಲಿಗೆ ಕಳಿಸಿದ್ದ ಫೋಟೊದಲ್ಲಿ ಹೂ ಗುಲಾಬಿ ಇದ್ದವು. ನನಗೆ ಈಗ ನೆನಪಾಗುವುದು ಗಿಡವೋ ಫೋಟೊವೋ, ಬಿಡಿಸಿ ಹೇಳಲಾರೆ. ಅವಳು ಫೋಟೊಗೆ ಬಣ್ಣ ಏರಿಸಿದ್ದಾಳೆ ಎಂದು ಆಗ ನನಗೆ ಅನುಮಾನ ಬಂದಿತ್ತು ಅಂತ ಬರೆಯಹೊರಟಿದ್ದೆ. ಅನುಮಾನ ಎನ್ನುವುದು ಮರ್ಯಾದೆಯ ಮಾತು. ಬಂದದ್ದು ಹೊಟ್ಟೆಕಿಚ್ಚು.

ಗಿಡಗಳು ಎರಡು. ಮೈದುನ ಫೌಜಿನಲ್ಲಿದ್ದಾನೆ. ಆಗ ಅವನ ಪೋಸ್ಟಿಂಗ್ ಈಶಾನ್ಯದ ಗುಡ್ಡಗಾಡಿನಲ್ಲಿತ್ತು. ಅಲ್ಲಿ ಚಳಿ ಶುರುವಾಗುವ ಹೊತ್ತಿಗೆ ಎಲೆಯೇ ಇಲ್ಲದ ಗಿಡಗಳು ಮೈತುಂಬ ಹೂ ಬಿಡುತ್ತವಂತೆ. ರಜೆಗೆ ಬರುವಾಗ ಎರಡು ಕಸಿ ಗಿಡ ಕೊಂಡು, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ರೈಲಿನಲ್ಲಿ ತನ್ನ ಟ್ರಂಕಿನ ಮೇಲೆ ಇಟ್ಟುಕೊಂಡು ಬಂದ. ಒಂದು ಬೈಲಹೊಂಗಲದ ನಮ್ಮ ಮನೆಗೆ, ಒಂದು ಕಿತ್ತೂರಿನ ತನ್ನ ಮನೆಗೆ. ಕಿತ್ತೂರಿನ ಮನೆಯ ಪಡಸಾಲೆಯಲ್ಲಿ ತಟ್ಟು ಬಿಚ್ಚಿದಾಗ ಎರಡೂ ಗಿಡ ಮೊಣಕಾಲೆತ್ತರವಿದ್ದವು. ಒಂದು ಬರೀ ಕಡ್ಡಿ, ತುದಿಗೆ ಮೂರೋ ನಾಲ್ಕೋ ಎಲೆ. ಇನ್ನೊಂದು ತುಂಬ ಎಲೆ ಹೊತ್ತುಕೊಂಡಿತ್ತು.

ಅತ್ತೆ ಹಾಸಿಗೆಯ ಮೇಲಿಂದಲೇ ನ್ಯಾಯ ಹೇಳಿದರು. "ಹಿರಿಯಾಕಿ ಮೊದಲ ಆರಿಸ್ಲಿ. ಆಮ್ಯಾಲ ಸಣ್ಣಾಕಿ ತಗೋಲಿ."

ನಮ್ಮ ಮನೆಯಲ್ಲಿ ಸೀರೆಯಾಗಲಿ ಪಾತ್ರೆಯಾಗಲಿ ಎರಡು ಬಂದರೆ ಇದೇ ಪದ್ಧತಿ. ಹಿರಿಯಳಾದ್ದರಿಂದ ಆರಿಸುವುದು ನಾನು. ಉಳಿದದ್ದು ಅವಳಿಗೆ.

"ವೈನಿ, ಎರಡೂ ಒಂದ ಜಾತಿ ಅದಾವ್ರಿ. ಯಾವದರ ತಗೋರಿ," ಎಂದ ಮೈದುನ.

ನಾನು ಎಲೆ ತುಂಬಿದ್ದನ್ನು ತೆಗೆದುಕೊಂಡೆ. ಯೋಚನೆ ಮಾಡಿದಂತೆ ನಟಿಸಿದ್ದೂ ನೆನಪಿದೆ. ಸ್ವಲ್ಪ ಹೊತ್ತು ಬರೀ ಕಡ್ಡಿಯ ಮೇಲೆ ಕೈಯಿಟ್ಟು, ಆಮೇಲೆ ಮನಸ್ಸು ಬದಲಿಸಿದವಳಂತೆ. ನೆಗೆಣ್ಣಿ ನಕ್ಕಳು. ಅವಳು ಎಲ್ಲದಕ್ಕೂ ನಗುತ್ತಾಳೆ. ಒಣಕಲು ಕಡ್ಡಿ ಪಾಲಿಗೆ ಬಂದರೂ ನಗುವವಳನ್ನು ಕಂಡರೆ ಆರಿಸಿಕೊಂಡವರ ಖುಷಿ ಅರ್ಧ ಇಳಿದುಹೋಗುತ್ತದೆ.

ನಮ್ಮದು ಎರೆ ಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ. ಮರಳು, ಹಳೇ ಗೊಬ್ಬರ ಬೆರೆಸಿ, ಏರು ಮಾಡಿ, ಕಂಪೌಂಡಿನ ಮೂಡಣ ಮೂಲೆಯಲ್ಲಿ ಹಚ್ಚಿದೆ. ಬೇಸಿಗೆಯಲ್ಲಿ ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲೆ ಗದ್ದ ಊರಿ ವಿಚಾರಣೆ ನಡೆಸಿದಳು.

"ಟೀಚರ್, ಚೆರ್ರಿ ಅಂದ್ರ ಕೇಕಿನ ಮ್ಯಾಲ ಇಡತಾರಲ್ರಿ, ಅದನ?"

"ಅಲ್ರಿ. ಇದು ಹೂವಿನ ಗಿಡ. ಹಣ್ಣು ತಿನ್ನಾಕ ಬರಂಗಿಲ್ಲ."

"ಹಂಗಾರ ಹೂವು ದೇವರಿಗೆ ಏರಸ್ತಾರೇನ್ರಿ?"

"ಇಲ್ರಿ."

"ಮುಡ್ಯಾಕರ ಬರತಾವೇನು?"

"ಮುಟ್ಟಿದ್ರ ಉದುರತಾವಂತ್ರಿ."

"ತಿನ್ನಾಂಗಿಲ್ಲ, ಏರಸಾಂಗಿಲ್ಲ, ಮುಡ್ಯಾಂಗಿಲ್ಲ. ನೋಡಾಕಷ್ಟ. ನಮ್ಮನ್ಯಾವ್ರೂ ಹಂಗ ಅದಾರ ಬಿಡ್ರಿ."

ಗಿಡ ಬೆಳೆಯಿತು. ಎರಡನೇ ವರ್ಷಕ್ಕೆ ಗೋಡೆ ದಾಟಿತು. ಮೂರನೆಯ ವರ್ಷ ಅದರ ನೆರಳಿನಲ್ಲಿ ಒಂದು ಕುರ್ಚಿ ಹಿಡಿಯುತ್ತಿತ್ತು. ಕಿತ್ತೂರಿನದು ಇನ್ನೂ ಸೊಂಟದ ಎತ್ತರ ಎಂದು ಕೇಳಿದಾಗ, "ಪಾಪ, ಗೊಬ್ಬರ ಕಡಿಮಿ ಬಿದ್ದಿರಬೇಕು, ಕುರಿ ಹಿಕ್ಕಿ ಹಾಕು," ಎಂದು ಫೋನಿನಲ್ಲಿ ಸಲಹೆ ಕೊಟ್ಟೆ. ಆ ವರ್ಷಗಳಲ್ಲಿ ನಾನು ತುಂಬ ಒಳ್ಳೆಯ ಅಕ್ಕ.

ಆಮೇಲೆ ಆ ಫೋಟೊ ಬಂತು. ಸೊಂಟದೆತ್ತರದ ಗಿಡ ಅಷ್ಟರಲ್ಲಿ ಎದೆಯೆತ್ತರವಾಗಿತ್ತು. ಎಲೆ ಒಂದೂ ಇಲ್ಲ, ಕಡ್ಡಿಗಳಿಗೆ ಹೂ ಅಂಟಿಸಿಟ್ಟಂತಿತ್ತು. ಕೆಳಗೆ ಅವಳು ಬರೆದಿದ್ದಳು: ಅಕ್ಕಾ ನೋಡ್ರಿ. ಅಷ್ಟೇ. ಆ "ನೋಡ್ರಿ"ಯನ್ನು ನಾನು ದಿನವಿಡೀ ಬೇರೆ ಬೇರೆ ಧ್ವನಿಯಲ್ಲಿ ಓದಿಕೊಂಡೆ. ಒಮ್ಮೆ ಖುಷಿಯಿಂದ ಕರೆದಂತೆ. ಒಮ್ಮೆ ಸೊಕ್ಕಿನಿಂದ. ಹೊರಗೆ ಹೋಗಿ ನನ್ನ ಗಿಡದ ಒಂದೊಂದು ಟೊಂಗೆಯನ್ನೂ ಬಗ್ಗಿಸಿ ನೋಡಿದೆ. ಎಲೆ, ಎಲೆ, ಬರೀ ಎಲೆ.

ಭಾನುವಾರ ಕಿತ್ತೂರಿಗೆ ಹೋದೆ. ಅತ್ತೆಯನ್ನು ನೋಡಿಕೊಂಡು ಬರಲು ಎಂದು ಮನೆಯಲ್ಲಿ ಹೇಳಿದ್ದೆ. ಗಂಡ ಪೇಪರು ಇಳಿಸದೆ, "ಅವ್ವಗ ಹೂ ಬಿಟ್ಟಾವೇನು?" ಎಂದರು.

"ಬರ್ರಿ ಅಕ್ಕಾ! ನಿಮ್ಮ ದಾರೀನ ಕಾಯಕತ್ತಿತ್ತು ನೋಡ್ರಿ ಗಿಡ." ನೆಗೆಣ್ಣಿ ಕೈ ಹಿಡಿದು ಸೀದಾ ಹಿತ್ತಲಿಗೇ ಎಳೆದೊಯ್ದಳು.

ನಾನು ಹೂ ಎಣಿಸಿದೆ. ಹೊಗಳುವ ಮೊದಲು ಎಣಿಸಿದೆ. ಹದಿನೇಳೋ ಹತ್ತೊಂಬತ್ತೋ.

"ಇಷ್ಟನ? ಫೋಟೊದಾಗ ಭಾಳ ಕಂಡಿದ್ವಲ್ಲ."

"ಮೊನ್ನೆ ಗಾಳಿಗೆ ಉದುರಿದ್ವುರಿ. ನಿಮ್ಮದು ನಮ್ಮದಕಿಂತ ದೊಡ್ಡದೈತಿ, ಗಿಡದ ತುಂಬ ಬಿಟ್ಟಿರಬೇಕಲ್ರಿ?"

"ಈಗ ಮೊಗ್ಗು ಆಗ್ಯಾವ," ಎಂದೆ.

ಈ ಸುಳ್ಳಿನ ಬಗ್ಗೆ ಮಾತ್ರ ನನ್ನ ನೆನಪಿಗೆ ಅನುಮಾನವಿಲ್ಲ. ಅವಳು ಚಪ್ಪಾಳೆ ಹೊಡೆದಳು. "ಹಂಗಾರ ಸಂಕ್ರಮಣಕ್ಕ ಬರತೇನ್ರಿ, ಎಳ್ಳ ಕೊಟ್ಟಂಗೂ ಆತು, ಹೂ ನೋಡಿದಂಗೂ ಆತು."

ಸಂಕ್ರಮಣಕ್ಕೆ ಮೂರು ವಾರ. ನನಗೆ ಆ ಮೂರು ವಾರದಲ್ಲಿ ಹೂ ಬೇಕಿತ್ತು. ಗುಲಾಬಿಯೋ ಬಿಳಿಯೋ, ಹತ್ತೊಂಬತ್ತಕ್ಕಿಂತ ಒಂದು ಹೆಚ್ಚು.

ರಾಮದುರ್ಗದ ಕಡೆ ದಾಳಿಂಬೆ ತೋಟದವರು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಒಮ್ಮೆಲೇ ನೀರು ಬಿಟ್ಟು ಹೂ ತರಿಸುವುದನ್ನು ಕಂಡಿದ್ದೆ. ಅದನ್ನೇ ಮಾಡಿದೆ. ನೀರು ಬಂದ್ ಮಾಡಿದೆ. ಶಾಲೆಯಿಂದ ಬಂದವಳೇ ಸ್ಟೂಲು ಹತ್ತಿ ಎಲೆ ಕೀಳುತ್ತಿದ್ದೆ, ಬೆರಳು ಹಸಿರಾಗುವತನಕ. ಅಷ್ಟು ಸಾಲದೆಂದು, ಅದಕ್ಕೆ ತನ್ನ ಗುಡ್ಡದ ಚಳಿ ಬೇಕೇನೋ ಎಂದು, ತಂಪು ಪಾನೀಯದ ಅಂಗಡಿಯಿಂದ ಬರ್ಫ ತಂದು ಬುಡಕ್ಕೆ ಸುರಿದೆ.

"ಜ್ವರ ಬಂದೈತೇನ್ರಿ ಟೀಚರ್ ಗಿಡಕ್ಕ?" ಗೋಡೆಯ ಮೇಲಿನ ಗದ್ದ ಕೇಳಿತು.

ಹತ್ತು ದಿನಕ್ಕೆ ಬೋಳು ಟೊಂಗೆಗಳಲ್ಲಿ ಚಿಗುರು ಒಡೆಯಿತು. ಮೊಗ್ಗು ಎಂದುಕೊಂಡೆ. ಎರಡು ದಿನ ಹಾಗೆಯೇ ಅಂದುಕೊಂಡೆ. ಬಿಚ್ಚಿಕೊಂಡಾಗ ಮತ್ತೆ ಎಲೆ.

ಗಂಡನೇ ಸಂಪಗಾಂವದಿಂದ ಮಾವಿಗೆ ಕಸಿ ಕಟ್ಟುವ ಅಜ್ಜನೊಬ್ಬನನ್ನು ಕರೆತಂದರು. ಆತ ಇಂಥ ಗಿಡ ಕಂಡವನಲ್ಲ. ಟೊಂಗೆಗಳ ಕಡೆ ನೋಡಲೂ ಇಲ್ಲ. ಬುಡದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಮಣ್ಣು ಸರಿಸಿ, ಹೆಬ್ಬೆರಳಿನಿಂದ ತೊಗಟೆ ಸವರಿದ.

"ಅಕ್ಕಾರ, ಇದು ಬೇರಿನ ಗಿಡ ಐತಿ. ಕಾಡ ಜಾತಿ. ಕಸಿ ಇಲ್ಲಿ ಕೂಡಿಸಿದ್ರು ನೋಡ್ರಿ, ಗಂಟ ಕಾಣತೈತಿ. ಅದರ ಮ್ಯಾಲಿಂದು ಹೋಗೇತಿ. ಗಂಟಿನ ಕೆಳಗಿಂದ ಎದ್ದದ್ದನ್ನ ಬೆಳಸೀರಿ ನೀವು."

"ತಂದಾಗನ ಹಂಗ ಇತ್ತೇನೋ."

"ಇಲ್ರಿ. ಹಸಿ ಇದ್ದಾಗ ಉಗುರಿಲೆ ಚೂಟ್ಯಾರ. ಗಾಯ ಹೇಳತೈತಿ."

ಯಾರು ಚೂಟಿದ್ದು? ನಾನು ಮೊದಲು ನಂಬಿದ್ದು ನೆಗೆಣ್ಣಿಯೇ ಎಂದು. ಪೂರ್ತಿ ನಂಬಿದ್ದೆ. ಮೈದುನ ತಟ್ಟು ಬಿಚ್ಚುವ ಮೊದಲೇ ಅವಳು ಅಲ್ಲಿ ಕೂತಿದ್ದಳು, ನಗುತ್ತಿದ್ದಳು, ಅವಳ ಬೆರಳು ಗಿಡದ ಮೇಲಿತ್ತು. ಈ ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಅವಳ ಬಳೆಯ ಬಣ್ಣವೂ ಬಂತು. ಅಷ್ಟು ಸ್ಪಷ್ಟವಾಗಿ ಬಂದದ್ದರಿಂದಲೇ ಈಗ ಅದನ್ನು ನಂಬುವುದಿಲ್ಲ.

ಎರಡು ದಿನ ಬಿಟ್ಟು, ಶಾಲೆಯಲ್ಲಿ ಮಧ್ಯಾಹ್ನ ಡಬ್ಬಿ ತೊಳೆಯುವಾಗ, ಇನ್ನೊಂದು ಚಿತ್ರ ಬಂತು. ನನ್ನ ತವರು ಹೂಲಿ. ಜೋಳ ಬಿತ್ತಿದ ಮೇಲೆ ಒಂದೇ ಜಾಗದಲ್ಲಿ ಎರಡು ಸಸಿ ಎದ್ದರೆ ಸೊರಗಿದ್ದನ್ನು ಕೀಳಬೇಕು, ಜೋರಾದದ್ದನ್ನು ಬಿಡಬೇಕು. ಸಣ್ಣವಳಿದ್ದಾಗ ಅವ್ವನ ಹಿಂದೆ ಸಾಲಿನಲ್ಲಿ ಬಗ್ಗಿಕೊಂಡು ಹೋಗುತ್ತ ಕಲಿತದ್ದು. ಕೈ ತಾನೇ ಮಾಡುತ್ತದೆ, ತಲೆಗೆ ಕೇಳುವುದಿಲ್ಲ. ಚೆರ್ರಿ ಹಚ್ಚಿದ ವಾರದಲ್ಲೇ ಅದರಲ್ಲಿ ಎರಡು ಕವಲು ಕಂಡಿದ್ದವು: ಮೇಲೆ ಒಂದು ಬಡಕಲು, ಬುಡದ ಹತ್ತಿರ ಎಲೆ ತುಂಬಿದ ಒಂದು ದಪ್ಪ. ಬಡಕಲನ್ನು ಚೂಟಿ ಎಸೆದೆ. ದಪ್ಪನೆಯದು ಗಿಡದ ಶಕ್ತಿಯೆಲ್ಲ ತಿಂದು ಬೆಳೆಯಲಿ ಎಂದು ಬಿಟ್ಟೆ. ಅದು ಹಾಗೆಯೇ ಬೆಳೆಯಿತು. ಹೂವಿನ ಜಾತಿಯನ್ನು ಕಳೆಯೆಂದು ಕಿತ್ತು, ಮೂರು ವರ್ಷ ಬರೀ ಬೇರಿಗೆ ಗೊಬ್ಬರ ಹಾಕಿದ್ದೆ.

ಎರಡನೆಯ ಚಿತ್ರ ನಿಜವಿರಬೇಕು, ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ.

ನೆಗೆಣ್ಣಿಗೆ ಫೋನು ಮಾಡಿದೆ. ಚೂಟಿದ ಸಂಗತಿ ಹೇಳಲಿಲ್ಲ. "ನನ್ನ ಪಾಲಿಗೆ ಬಂದದ್ದ ಖರಾಬ್ ಇತ್ತಂತ ನೋಡು. ಕಸಿ ಸತ್ತಿತ್ತಂತ," ಎಂದೆ.

"ಅಕ್ಕಾ, ಆರಿಸಿದವ್ರು ನೀವ ಅಲ್ಲೇನ್ರಿ?" ಎಂದಳು. ಚುಚ್ಚುವ ಧ್ವನಿಯಾಗಿರಲಿಲ್ಲ. ಚುಚ್ಚಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮೊಗ್ಗು ಆಗ್ಯಾವ ಎಂದಿದ್ದಿರಲ್ಲ ಎಂದು ಅವಳು ಕೇಳಲಿಲ್ಲ, ಅಂದೂ, ಇಂದಿನವರೆಗೂ.

ಸಂಕ್ರಮಣಕ್ಕೆ ಹೇಳಿದಂತೆ ಬಂದಳು. ಕುಸುರೆಳ್ಳಿನ ಪೊಟ್ಟಣದ ಜೊತೆ, ಹಸಿ ಬಟ್ಟೆಯಲ್ಲಿ ಸುತ್ತಿದ ಆರು ಕಡ್ಡಿ ನನ್ನ ಕೈಗಿಟ್ಟಳು. ತನ್ನ ಗಿಡದ ಟೊಂಗೆಗಳನ್ನೇ ಕತ್ತರಿಸಿ ತಂದಿದ್ದಳು. ಎದೆಯೆತ್ತರದ ಗಿಡದಿಂದ ಆರು ಕಡ್ಡಿ ಎಂದರೆ ಕಡಿಮೆಯಲ್ಲ.

"ನಿಮ್ಮ ಬೇರು ಭಾಳ ಗಟ್ಟಿ ಐತಂತ್ರಿ, ಅಜ್ಜ ಹೇಳಿದ್ನಂತ ಭಾವಾರು ಅಂದ್ರು. ಇದರ ಕಣ್ಣ ಅದಕ್ಕ ಕೂಡಸ್ರಿ. ನಮ್ಮದಕಿಂತ ಜೋರ ಬರತೈತಿ. ದಿನಾ ಎರಡ ಸಲ ಅರಬಿ ತೋಯಸ್ರಿ ಮತ್ತ, ಒಣಗಿದ್ರ ಹೋತು."

"ನಿನ್ನ ಗಿಡ ಬೋಳ ಮಾಡಿದೆಲ್ಲ."

"ನಿಮ್ಮನ್ಯಾಗ ಬಿಟ್ರೇನು, ನಮ್ಮನ್ಯಾಗ ಬಿಟ್ರೇನು? ಅವು ನಮ್ಮ ಹೂವ ಅಲ್ಲೇನ್ರಿ."

ನಮ್ಮ ಹೂವು. ಅವಳು ಹೋದ ಮೇಲೂ ಆ ಮಾತು ಕಿವಿಯಲ್ಲಿ ಉಳಿಯಿತು. ಕಸಿ ಹತ್ತಿದರೆ ನನ್ನ ಮೂಡಣ ಮೂಲೆಯಲ್ಲಿ ಹೂ ಬಿಡುತ್ತದೆ. ಬಂದವರೆಲ್ಲ ನಿಂತು ನೋಡುತ್ತಾರೆ. ಎಲ್ಲಿಯದು ಎಂದು ಕೇಳುತ್ತಾರೆ. ಕಿತ್ತೂರಿನದು, ಸಣ್ಣ ಸೊಸಿ ಕೊಟ್ಟದ್ದು ಎಂದು ಗಂಡ ಹೇಳುತ್ತಾರೆ, ಅವರಿಗೆ ಸುಳ್ಳು ಬರುವುದಿಲ್ಲ. ಪ್ರತಿ ಚಳಿಗಾಲ, ನಾನು ಬದುಕಿರುವತನಕ, ನನ್ನ ಅಂಗಳದಲ್ಲಿ ಅವಳ ಹೂ.

ಕಡ್ಡಿಗಳನ್ನು ಬಚ್ಚಲ ಪಕ್ಕದ ಗೂಡಿನಲ್ಲಿಟ್ಟೆ. ಅಲ್ಲಿ ತಂಪಿರುತ್ತದೆ. ಮರುದಿನ ಬರಬೇಕಾಗಿದ್ದ ಅಜ್ಜ ಬರಲಿಲ್ಲ. ಸವದತ್ತಿಯಲ್ಲಿ ಯಾರದೋ ಮಾವಿನ ತೋಟಕ್ಕೆ ಹೋಗಿದ್ದಾನೆಂದು ತಿಳಿಯಿತು. ನಾಲ್ಕನೆಯ ದಿನ ಬಂದ. ಬಟ್ಟೆ ಬಿಚ್ಚಿ, ಒಂದು ಕಡ್ಡಿಯ ತೊಗಟೆಯನ್ನು ಚಾಕುವಿನಿಂದ ಕೆರೆದ. ಒಳಗೆ ಹಸಿರಿರಲಿಲ್ಲ. ಇನ್ನೊಂದು ಕೆರೆದ. ಆರನ್ನೂ ಕೆರೆದ.

"ಒಣಗ್ಯಾವ್ರಿ ಅಕ್ಕಾರ. ನೀರ ಹಾಕಿದ್ರಿ ಇಲ್ಲೊ?"

"ಹಾಕೀನ್ರಿ," ಎಂದೆ. ಗಂಡ ನನ್ನ ಕಡೆ ನೋಡಿ ಚಹಾ ತರಲು ಒಳಗೆ ಹೋದರು. ಚಹಾ ತರುವುದು ಅವರ ರೂಢಿಯಲ್ಲ.

ನೆಗೆಣ್ಣಿಗೆ ಕಸಿ ಹತ್ತಲಿಲ್ಲ ಎಂದಷ್ಟೇ ತಿಳಿಸಿದೆ. "ಹೋಗ್ಲಿ ಬಿಡ್ರಿ ಅಕ್ಕಾ, ಮುಂದಿನ ವರ್ಷ ಮತ್ತ ತರತೇನಿ," ಎಂದಳು.

ಮೊದಲ ದಿನ ಎರಡು ಸಲ ನೀರು ಚಿಮುಕಿಸಿದ್ದು ಖಾತ್ರಿ. ಮೂರನೆಯ ದಿನ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು, ತಡವಾಗಿ ಬಂದೆ, ಅದೂ ಖಾತ್ರಿ. ನಡುವಿನ ದಿನ ಸ್ನಾನಕ್ಕೆ ಹೋಗುವಾಗ ಗೂಡಿನ ಮುಂದೆ ನಿಂತಿದ್ದೆ. ಕೈಯಲ್ಲಿ ತಂಬಿಗೆ ಇತ್ತು, ತಂಬಿಗೆಯಲ್ಲಿ ನೀರಿತ್ತು. ಬಟ್ಟೆ ಮುಟ್ಟಿ ನೋಡಿದೆ ಎಂದು ಒಮ್ಮೆ ಅನ್ನಿಸುತ್ತದೆ. ಮುಟ್ಟದೆ ಹಾಗೇ ಮುಂದೆ ಹೋದೆ ಎಂದು ಇನ್ನೊಮ್ಮೆ. ಮರೆತೆನೋ, ಬೇಕೆಂದೇ ಬಿಟ್ಟೆನೋ, ನನಗೆ ಗೊತ್ತಿಲ್ಲ.