ದುರುಗಣ್ಣನ ಕೈಬಲ

ಆದವಾನಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರಾಗಿದ್ದ ಶಂಕರಮ್ಮ ತಾಯ್ ಚಿ ಕಲಿತದ್ದು ಕರ್ನೂಲಿನ ಇಪ್ಪತ್ತು ದಿನದ ತರಬೇತಿಯಲ್ಲಿ. ಚೀನಾದವರ ಆ ನಿಧಾನದ ಕಸರತ್ತಿನಲ್ಲಿ ಅವಳಿಗೆ ಹಿಡಿಸಿದ್ದು ಒಂದೇ ಪಾಠ: ಇಬ್ಬರು ಎದುರುಬದುರು ನಿಂತು, ಮುಂಗೈಗೆ ಮುಂಗೈ ತಾಗಿಸಿ, ಒಬ್ಬರನ್ನೊಬ್ಬರು ನೂಕುವುದು. ನೂಕು ಬಂದರೆ ಎದುರಿಸಬಾರದು, ಓಡಲೂಬಾರದು. ಮೈಮೇಲೆ ತೆಗೆದುಕೊಂಡು, ಸೊಂಟ ತಿರುಗಿಸಿ, ಪಕ್ಕಕ್ಕೆ ಸಾಗಹಾಕಬೇಕು.

ಊರಿಗೆ ಬಂದಮೇಲೆ ಜೋಡಿಗೆ ಯಾರೂ ಸಿಗಲಿಲ್ಲ. ಗಂಡ ದುರುಗಣ್ಣನೇ ನಿಂತ. ಅವನು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಒತ್ತಿ ಬೇಲು, ಅಂದರೆ ದೊಡ್ಡ ಪಿಂಡಿ, ಕಟ್ಟುವವನು, ತೋಳೆಂದರೆ ತೊಲೆ. ಮೊದಲ ದಿನ ಹೆಂಡತಿಯನ್ನು ನೂಕಹೋಗಿ ತಾನೇ ನೀರಿನ ಡ್ರಮ್ಮಿಗೆ ಬಡಿದುಕೊಂಡು ಬಿದ್ದ, ಬಿದ್ದಲ್ಲೇ ಕೂತು ನಕ್ಕ. ಆಮೇಲೆ ಒಂಬತ್ತು ವರ್ಷ, ಮಿಲ್ಲಿಗೆ ಹೋಗುವ ಮುಂಚೆ, ಅಂಗಳದಲ್ಲಿ ಅರ್ಧ ಗಂಟೆ ಇಬ್ಬರದೂ ಇದೇ ಆಟ.

ಎಮ್ಮಿಗನೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಅವನು ಬದುಕಿಕೊಂಡ, ಆದರೆ ಬೇರೆಯವನಾಗಿ ಎದ್ದ. ಹೆಂಡತಿಯ ಹೆಸರೇ ಮರೆತಿತ್ತು. ಸ್ನಾನಕ್ಕೆಂದು ಅಂಗಿ ಬಿಚ್ಚಹೋದರೆ, ಯಾರೋ ಕೊಲ್ಲಲು ಬಂದಂತೆ ಬೆದರಿ ಎರಡೂ ಕೈಯಿಂದ ನೂಕುತ್ತಿದ್ದ. ಮೈದುನ ಕಟ್ಟಿಹಾಕು ಅಂದ. ಶಂಕರಮ್ಮ ಕಟ್ಟಲಿಲ್ಲ. ಅವನ ಮುಂಗೈಗೆ ತನ್ನ ಮುಂಗೈ ಕೊಟ್ಟು, ಒಂದು ಹೆಜ್ಜೆ ಹಿಂದಾಗಿ, ತಿರುಗಿ, ಅದೇ ನೂಕಿನ ರಭಸದಲ್ಲಿ ಅವನನ್ನು ಮಂಚದ ಮೇಲೆ ಕೂರಿಸುತ್ತಿದ್ದಳು. ಇಬ್ಬರಿಗೂ ಒಂದು ಗೀರಿಲ್ಲ. ಒಮ್ಮೊಮ್ಮೆ ನೂಕುತ್ತ ನೂಕುತ್ತ ಅವನ ಕೈ ಮೆತ್ತಗಾಗಿ, ಅವಳ ಕೈಯ ಹಿಂದೆಯೇ ಒಂದು ಸುತ್ತು ಬರುತ್ತಿತ್ತು. ಕಣ್ಣಿಗೆ ಅವಳ ಗುರುತಿರಲಿಲ್ಲ, ಕೈಗೆ ಇತ್ತು. ಆ ನಾಲ್ಕೈದು ಕ್ಷಣಕ್ಕಾಗಿ ಅವಳು ಸ್ನಾನದ ಹೊತ್ತನ್ನೇ ಕಾಯತೊಡಗಿದ್ದಳು. ನಾಚಿಕೆಯೆನಿಸಿ ಯಾರಿಗೂ ಹೇಳಲಿಲ್ಲ.

ಅವಳಿಗೆ ಪರೀಕ್ಷೆಯ ಡ್ಯೂಟಿ ಬಿದ್ದ ದಿನ ಮಗಳು ಪಲ್ಲವಿ ಗಂಡನ ಊರು ನಂದವರದಿಂದ ಬಂದು ಅಪ್ಪನ ಹತ್ತಿರ ಇದ್ದಳು. ಐದು ತಿಂಗಳ ಬಸುರಿ. ಅಂಗಿ ಬದಲಿಸುವಾಗ ಅವನು ನೂಕಿದ. ಪಲ್ಲವಿ ಗಟ್ಟಿಯಾಗಿ ನಿಂತುಬಿಟ್ಟಳು, ಯಾರಾದರೂ ನಿಲ್ಲುವ ಹಾಗೆ. ಇಬ್ಬರೂ ಬಿದ್ದರು. ಅವಳ ಮಣಿಕಟ್ಟು ಮುರಿಯಿತು. ಹೊಟ್ಟೆಯ ಕೂಸಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳುವವರೆಗೆ ಶಂಕರಮ್ಮ ಆಸ್ಪತ್ರೆಯಲ್ಲಿ ಕೂರಲೇ ಇಲ್ಲ.

"ಅಪ್ಪಗ ಸುಮ್ಮಗಿರೋ ಮಾತ್ರಿ ಜಾಸ್ತಿ ಮಾಡಿಸಮ್ಮಾ," ಅಂದಳು ಪಲ್ಲವಿ. "ಎಲ್ಲಾರಿಗೂ ನಿನ್ನಂಗ ಬರಂಗಿಲ್ಲ."

ಅದು ನಿಜ. ಶಂಕರಮ್ಮ ಒಪ್ಪಿದಳು.

ಡಾಕ್ಟರು ಮಾತ್ರೆ ಹೆಚ್ಚಿಸಿದ ಹದಿನೈದು ದಿನದಲ್ಲಿ ದುರುಗಣ್ಣ ತಣ್ಣಗಾದ. ಕೂರಿಸಿದರೆ ಕೂತ, ಮಲಗಿಸಿದರೆ ಮಲಗಿದ. ಮೈದುನ ಬಂದು ನೋಡಿ, ಈಗ ಬೇಸು ಎಂದು ಸಮಾಧಾನಪಟ್ಟ. ಒಂದು ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಶಂಕರಮ್ಮ ಅವನ ಮುಂಗೈಗೆ ತನ್ನದನ್ನು ತಾಗಿಸಿದಳು. ಅವನ ಕೈ ಸುಮ್ಮನೆ ಒರಗಿ, ಜಾರಿ, ತೊಡೆಯ ಮೇಲೆ ಬಿತ್ತು.

"ನೂಕ್ರಿ," ಅಂದಳು. "ಒಂದ್ ಸಲ ನೂಕ್ರಿ."

ಅವನು ಗೋಡೆ ನೋಡುತ್ತಿದ್ದ. ಅವಳೇ ಮೆಲ್ಲಗೆ ನೂಕಿದಳು. ಅವನು ಹಾಗೇ ಹಿಂದಕ್ಕೆ ವಾಲಿದ. ಬೀಳುವ ಮುಂಚೆ ಹಿಡಿದುಕೊಂಡಳು. ಆ ದಿನ ಶಾಲೆಗೆ ಹೋಗಲಿಲ್ಲ.

ಇನ್ನೊಂಬತ್ತು ತಿಂಗಳು ಬದುಕಿದ್ದು, ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ತೀರಿಹೋದ. ದಿನಕರ್ಮ ಮುಗಿದ ಮಾರನೆಯ ದಿನ ಪಲ್ಲವಿ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಮಾತ್ರೆಯ ಆ ಮಾತು ತಾನು ಆಡಬಾರದಿತ್ತೆಂದು ಬಿಕ್ಕಿದಳು.

"ಒಪ್ಪಿದಾಕಿ ನಾನವ್ವ," ಅಂದಳು ಶಂಕರಮ್ಮ. ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡು, "ನಿನ್ ಮ್ಯಾಲೆ ಸಿಟ್ಟು ಬಂದಿತ್ತು, ಖರೇನ ಹೇಳ್ತೀನಿ. ಈಗ ಹೋಗೇತಿ," ಎಂದಳು.

ಹೋಗಿರಲಿಲ್ಲ. ಪೂರ್ತಿ ಹೋಗಲು ಇನ್ನೂ ಒಂದು ವರ್ಷ ಹಿಡಿಯಿತು.